ಏಳು ಸಾವಿರ ಕಿಲೋಮೀಟರ್ ಹಾರಿದ ಮರಿಗಳು

ಕೋಳಿಮರಿ ಕೇಂದ್ರದಲ್ಲಿ ಆಕೆಗೆ ಮರಿಯಕ್ಕ ಎಂಬ ಹೆಸರೇ ನಿಂತುಹೋಗಿತ್ತು. ಹದಿನೆಂಟು ವರ್ಷಗಳಿಂದ ಒಂದೇ ಕೆಲಸ. ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳನ್ನು ಎಣಿಸಿ, ತೂತುಗಳಿರುವ ರಟ್ಟಿನ ಪೆಟ್ಟಿಗೆಗೆ ತುಂಬಿ ಕಳುಹಿಸುವುದು. ದಾರಿ ಎಷ್ಟು ಹೊತ್ತಿನದು ಎಂದು ಕೇಳದೆ ಆಕೆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಹತ್ತು ಗಂಟೆಯೊಳಗೆ ತಲುಪುವುದಾದರೆ ಪೆಟ್ಟಿಗೆಗೆ ನೂರು ಮರಿ, ಹೆಚ್ಚಾದರೆ ಎಂಬತ್ತೇ. ಮರಿಗಳಿಗೆ ಹಸಿವಿನ ಭಯವಿಲ್ಲ, ಮೊಟ್ಟೆಯ ಹಳದಿ ಎರಡು ದಿನ ಹೊಟ್ಟೆಯಲ್ಲೇ ಇರುತ್ತದೆ. ಒತ್ತೊತ್ತಾಗಿ ನಿಂತು ತಮ್ಮದೇ ಮೈಬಿಸಿಗೆ ಬೇಯುವುದೇ ಭಯ.

ಆ ದಿನ ಮೊದಲ ಸಲ ಮರಿಗಳು ವಿಮಾನ ಹತ್ತಿದ್ದವು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಪರದೇಶದ ಊರು ತಲುಪುತ್ತದೆ ಎಂದು ಕಾಗದದಲ್ಲಿತ್ತು. ಆರು ಗಂಟೆಗೇ ತುಂಬಿದರೂ ಎಲ್ಲ ಸೇರಿ ಎಂಟೇ ಗಂಟೆ. ಮರಿಯಕ್ಕ ನೂರು ನೂರರಂತೆ ತುಂಬಿದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಸ್ ಡ್ರೈವರ್ ಗಂಡ ಕೇಳಿದ, "ದೂರ ಎಷ್ಟಂತೆ?"

"ಏಳು ಸಾವಿರ ಕಿಲೋಮೀಟರ್."

"ಐದು ಗಂಟೇಲಿ ಏಳು ಸಾವಿರವಾ? ವಿಮಾನಕ್ಕೆ ಹಾಕಿದ್ಯೋ, ಬಂದೂಕಿಗೆ ತುಂಬಿ ಹಾರಿಸಿದ್ಯೋ?"

"ಕಾಗದದಲ್ಲಿ ಹಾಗೇ ಇದೆ ರೀ."

"ಅದು ಅಲ್ಲಿನ ಗಡಿಯಾರ ಕಣೇ. ಅಲ್ಲಿ ಎರಡು ಹೊಡೆದಾಗ ಇಲ್ಲಿ ಎಷ್ಟಾಗಿರತ್ತೆ ಅಂತ ಕೇಳಿದ್ಯಾ?"

ಮರಿಯಕ್ಕ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಕೈತೊಳೆದು ಚಪ್ಪಲಿ ಮೆಟ್ಟಿ ಕೇಂದ್ರಕ್ಕೆ ಹೊರಟೇಬಿಟ್ಟಳು.

ಮೇಲ್ವಿಚಾರಕರ ಮುಂದೆ ನಿಂತು, "ತಪ್ಪು ನಂದು ಸರ್" ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಕಂಪ್ಯೂಟರ್ ನೋಡಿದರು. ಅಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ. ವಿಮಾನ ಇಳಿಯುವಾಗ ಇಲ್ಲಿ ಸಂಜೆ ಆರೂವರೆ, ಅಂದರೆ ಮರಿಗಳು ಪೆಟ್ಟಿಗೆಯಲ್ಲಿ ಹನ್ನೆರಡೂವರೆ ಗಂಟೆ.

"ವಾಪಸ್ ಕರೆಸೋಕೆ ಅದೇನು ನಮ್ಮ ಲಾರಿನಾ ಮರಿಯಕ್ಕ? ನಾನೂ ನೋಡ್ಬೇಕಿತ್ತು" ಎಂದ ಅವರು, ಇಳಿದ ಕೂಡಲೇ ಮುಚ್ಚಳ ತೆಗೆದು ನೀರು ಕೊಡಿ ಎಂದು ಕೊಂಡವರಿಗೆ ಫೋನ್ ಮಾಡಿದರು. "ನೀವು ಮನೆಗೆ ಹೋಗಿ."

ಆಕೆ ಹೋಗಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಸುಮ್ಮನೆ ಮಡಿಸುತ್ತಾ, ಬಿಚ್ಚುತ್ತಾ ಕುಳಿತಳು.

ಏಳೂಕಾಲಿಗೆ ಕೊಂಡವರ ಫೋನ್ ಬಂತು. ಮೇಲ್ವಿಚಾರಕರು ಕೇಳಿಸಿಕೊಂಡು ನಕ್ಕರು. "ಆರು ಸಾವಿರದಲ್ಲಿ ಹದಿನಾಲ್ಕು ಸತ್ತಿವೆಯಂತೆ. ಪಕ್ಕದ ಊರಿಗೆ ಕಳ್ಸಿದ್ರೂ ಅಷ್ಟು ಹೋಗ್ತವೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ ಸರ್. ಫೋನನ್ನ ಪೆಟ್ಟಿಗೆ ಹತ್ರ ಹಿಡಿಯೋಕೆ ಹೇಳಿ."

ಬೆಂದ ಮರಿ ಕೂಗುವುದಿಲ್ಲ, ಕೊಕ್ಕು ತೆರೆದು ಏದುಸಿರು ಬಿಡುತ್ತದೆ ಅಷ್ಟೆ. ಮರಿಯಕ್ಕ ಫೋನಿಗೆ ಕಿವಿ ಒತ್ತಿ ಹಿಡಿದಳು. ಆ ಕಡೆಯಿಂದ ಚಿಂವ್ ಚಿಂವ್ ಎಂದು ಸಾವಿರಾರು ಮರಿಗಳ ಗಲಾಟೆ, ಕಿವಿ ತೂತಾಗುವ ಹಾಗೆ. ಆಕೆ ಕಣ್ಣು ಮುಚ್ಚಿ ಪೂರ್ತಿ ಒಂದು ನಿಮಿಷ ಕೇಳಿದಳು.

"ಸಾಕಾ?" ಎಂದರು ಮೇಲ್ವಿಚಾರಕರು.

"ಸಾಕು ಸರ್. ಈಗ ನಂಗೂ ಹಸಿವಾಗ್ತಿದೆ" ಎಂದು ಫೋನ್ ಕೊಟ್ಟು ಮನೆಯ ದಾರಿ ಹಿಡಿದಳು.