ಬಸ್ಸಾರಿನ ಪುಟ

ಚಾಮರಾಜಪುರಂನಲ್ಲಿ ನಮ್ಮ ಪಕ್ಕದ ಮನೆಯ ಶಿವಲಿಂಗಯ್ಯನವರು ಒಂದು ದಿನವೂ ಒಲೆ ಹಚ್ಚಿದವರಲ್ಲ, ಆದರೆ ಅಡುಗೆ ಪುಸ್ತಕದ ವಿಷಯದಲ್ಲಿ ಅವರನ್ನು ಮೆಚ್ಚಿಸುವುದು ಕಷ್ಟ. ಅಂಗಡಿಯಲ್ಲಿ ಯಾವ ಪುಸ್ತಕ ಕಂಡರೂ ಮೊದಲು ಬಸ್ಸಾರಿನ ಪುಟ ಹುಡುಕುತ್ತಾರೆ. ‘ಮಸಾಲೆ ಹುರಿಯಿರಿ’ ಎಂದಷ್ಟೇ ಇದ್ದರೆ ಮುಚ್ಚಿ ಇಟ್ಟುಬಿಡುತ್ತಾರೆ. “ಯಾವ ವಾಸನೆ ಬರೋಗಂಟ ಹುರೀಬೇಕು ಅಂತ ಬರೀಬೇಕು ಕಣಮ್ಮ. ಇಲ್ದಿದ್ರೆ ಅದು ಬರೀ ದಿನಸಿ ಚೀಟಿ” ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ಪಾಸಾದದ್ದು ಒಂದೇ ಪುಸ್ತಕ, ಹಳೇ ಮೈಸೂರು ಕಡೆಯ ಅಡುಗೆಗಳದ್ದು. ಅದಕ್ಕೆ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿ, ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು, ಹೆಂಡತಿ ಪುಟ್ಟಬಸಮ್ಮನವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮೊದಮೊದಲು ಆಕೆ, “ಪುಸ್ತಕ ಬರ್ದೋರು ನಮ್ಮನೇಲಿ ಉಣ್ತಾರಾ? ಸುಮ್ನೆ ಕೂತ್ಕೊಳಿ” ಎಂದು ಕೈಗೆ ಬಂದಷ್ಟು ಹಾಕುತ್ತಿದ್ದರು. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಪುಸ್ತಕ ತೆರೆದೇ ಇರುತ್ತದೆ. ‘ಜೀರಿಗೆಯ ಘಮ ನಡುಮನೆಗೆ ಬರುವವರೆಗೆ’ ಎಂಬ ಸಾಲು ಓದಿ, ಒಂದು ತುತ್ತು ಮುದ್ದೆ ನುಂಗಿ, ಮತ್ತೆ ಅದೇ ಸಾಲು ಓದುತ್ತಾರೆ. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಹೋದಮೇಲೆ ಅವರ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಖಾರ ಅಷ್ಟೇ. ಮೊನ್ನೆ ಪುಟ್ಟಬಸಮ್ಮನವರು ಬಟ್ಟಲು ಹಿಡಿದು ಒಂದು ಚಮಚ ಜೀರಿಗೆ ಕೇಳಲು ಬಂದಾಗ, “ಒಂದಿನ ಹಾಕ್ದಿದ್ರೆ ಅವ್ರಿಗೇನು ಗೊತ್ತಾಗುತ್ತೆ, ಬಿಡಿ” ಎಂದೆ. “ಅವ್ರು ಓದೋವಾಗ ಅದು ಸಾರಲ್ಲಿ ಇರ್ಬೇಕು ಕಣಮ್ಮ” ಎಂದು ಬಟ್ಟಲು ಮುಂದೆ ಚಾಚಿದರು.