ಸೊಂಟದೆತ್ತರದ ಗಾಲ್ಫ್

ಗೆಳತಿಯರೇ, ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದಲ್ಲಿ ಇವತ್ತು ಗಾಲ್ಫ್ ಜಗಳ. ಉಳಿದಿರುವುದು ಒಂದೇ ಚೆಂಡು. ಇನ್ನೊಂದು ಬೇಕೆಂದರೆ ಬೆಂಗಳೂರಿಗೆ ಕಾಗದ ಬರೆದು ತಿಂಗಳು ಕಾಯಬೇಕು. ಇರುವ ಒಂದೂ ದೂರ ಹೋಗಿ ಕಳೆದುಹೋಗದಿರಲೆಂದು, ಡಾಕ್ಟರಾದ ನಮ್ಮ ಯಜಮಾನರು ಕೋಲನ್ನು ಸೊಂಟದವರೆಗಷ್ಟೇ ಎತ್ತಿ ಹೊಡೆಯುವ ಸುಲಭ ವಿಧಾನ ಕಂಡುಕೊಂಡಿದ್ದಾರೆ.

“ಇದು ಕಸ ಗುಡಿಸ್ದಂಗದೆ ಕಣ್ರಿ ಡಾಕ್ಟ್ರೇ,” ಎಂದರು ತೋಟದ ಮ್ಯಾನೇಜರ್ ಮಾದಪ್ಪನವರು.

“ಗುಡಿಸಿದ್ರೇನು, ಚೆಂಡು ಕಣ್ಮುಂದೆನೇ ಇರ್ತದೆ.”

ಮಾದಪ್ಪನವರು ಕೋಲನ್ನು ತಲೆಯ ಮೇಲಕ್ಕೆತ್ತಿ ಬೀಸಿದರು. ಹುಲ್ಲು ಹಾರಿತು, ಚೆಂಡು ಕದಲಲಿಲ್ಲ.

“ನಂದೂ ಕಣ್ಮುಂದೆನೇ ಅದೆಯಲ್ಲ,” ಎಂದರು.

ನಮ್ಮವರು ಸೊಂಟದೆತ್ತರದಿಂದಲೇ ತಟ್ಟಿದರು. ಚೆಂಡು ಬಾಣದಂತೆ ಹೋಗಿ ಲಂಟಾನ ಪೊದೆಯೊಳಗೆ ಮಾಯವಾಯಿತು.

ಚೆಂಡು ಹಾರಿಸಿ ಗೆದ್ದ ನಮ್ಮವರು ಈಗ ಮುಳ್ಳಿನ ನಡುವೆ ಬಗ್ಗಿ ಹುಡುಕುತ್ತಿದ್ದಾರೆ. ಸೋತ ಮಾದಪ್ಪನವರು ಬೆನ್ನ ಹಿಂದೆ ಕೈಕಟ್ಟಿ ನಿಂತು, ಹೇಗೆ ಬಗ್ಗಬೇಕೆಂದು ಹೇಳಿಕೊಡುತ್ತಿದ್ದಾರೆ.