ಕೆಲಸದವಳ ಕನ್ನಡ

ದಾನಮ್ಮನ ಮುಖವನ್ನು ಯಾರೂ ಟೀವಿಯಲ್ಲಿ ನೋಡಿರಲಿಲ್ಲ. ಆದರೆ ತೆಲುಗು, ಹಿಂದಿಯಿಂದ ಡಬ್ ಆಗಿ ಬರುವ ಧಾರಾವಾಹಿಗಳನ್ನು ನೋಡುವ ಮನೆಗಳಲ್ಲಿ ಅವಳ ದನಿ ವರ್ಷಗಟ್ಟಲೆ ಓಡಾಡಿಕೊಂಡಿತ್ತು. ಒಂದರಲ್ಲಿ ಪಾತ್ರೆ ತೊಳೆಯುವವಳು, ಇನ್ನೊಂದರಲ್ಲಿ ಮಗು ಎತ್ತಾಡಿಸುವವಳು, ಮತ್ತೊಂದರಲ್ಲಿ ಯಜಮಾನಿಯ ಗುಟ್ಟನ್ನು ಬಾಯಿತಪ್ಪಿ ಹೇಳಿ ಬೈಸಿಕೊಳ್ಳುವವಳು. ಮೂಲದಲ್ಲಿ ಆ ಹೆಂಗಸು ಯಾವ ಸೀಮೆಯವಳೇ ಆಗಿರಲಿ, ಕನ್ನಡಕ್ಕೆ ಬರುವಾಗ ಉತ್ತರ ಕರ್ನಾಟಕದವಳಾಗಿಬಿಡುತ್ತಿದ್ದಳು. ಆಗ ದಾನಮ್ಮನಿಗೆ ಫೋನ್ ಬರುತ್ತಿತ್ತು.

ಅವಳು ರೋಣದ ಕಡೆಯವಳು. ಗಂಡನ ಜೊತೆ ಬೆಂಗಳೂರಿಗೆ ಬಂದಿದ್ದಳು. ಗಂಡ ಬೇರೊಂದು ಸಂಸಾರ ಮಾಡಿಕೊಂಡು ಹೋದ ಮೇಲೂ ಬಿಟಿಎಂನ ಅದೇ ಒಂಟಿ ಕೋಣೆಯಲ್ಲಿ ಉಳಿದಳು. ಬೆಳಿಗ್ಗೆ ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್, ಮಧ್ಯಾಹ್ನ ಕುಮಾರಸ್ವಾಮಿ ಲೇಔಟಿನ ಸ್ಟುಡಿಯೋ. ಕ್ಲಿನಿಕ್ಕಿನಲ್ಲಿ ಬೆಂಗಳೂರಿನವರ ಹಾಗೆ ಮಾತಾಡುವುದನ್ನು ಬಹಳ ಬೇಗ ಕಲಿತಿದ್ದಳು. ಸ್ಟುಡಿಯೋದಲ್ಲಿ ಮಾತ್ರ ಊರಿನ ಮಾತು ಬೇಕಿತ್ತು. ಅದೂ ಅವಳ ಊರಿನದಲ್ಲ.

"ಸ್ಲ್ಯಾಂಗ್ ಸಾಲಲ್ಲ ಮೇಡಂ," ಎನ್ನುತ್ತಿದ್ದ ಡಬ್ಬಿಂಗ್ ನಿರ್ದೇಶಕ ಚಿದಾನಂದ್. "ಪ್ರತಿ ಲೈನ್ ಕೊನೇಲೂ ಒಂದು 'ರೀ' ಹಾಕಿ. ಸ್ವಲ್ಪ ಜೋರಾಗಿ, ಎಳೆದು ಹೇಳಿ."

ಅವಳ ಮನೆಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಮೊದಮೊದಲು ಹಾಗಂತ ಹೇಳಿಯೂ ಇದ್ದಳು. ಆಮೇಲಾಮೇಲೆ ಕೇಳುವ ಮೊದಲೇ ಎಳೆದು ಹೇಳುವುದು ರೂಢಿಯಾಯಿತು.

ಸ್ಟುಡಿಯೋದಲ್ಲಿ ಬೇರೆ ಕಲಾವಿದರು ಸಿಗುವುದೂ ಅಪರೂಪವಾಗಿತ್ತು. ಒಬ್ಬೊಬ್ಬರ ದನಿಯನ್ನು ಒಂದೊಂದು ದಿನ ಬೇರೆಯಾಗಿ ಹಿಡಿದುಕೊಂಡು ಆಮೇಲೆ ಕೂಡಿಸುತ್ತಾರೆ. ತೆರೆಯ ಮೇಲೆ ಇಬ್ಬರು ತಬ್ಬಿಕೊಂಡು ಅಳುತ್ತಿದ್ದರೂ, ಗಾಜಿನ ಗೂಡಿನೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಳುತ್ತಿದ್ದವಳು ದಾನಮ್ಮ ಒಬ್ಬಳೇ.

ಹೋದ ವರ್ಷ ಅಕ್ಕತಂಗಿಯರ ಕತೆಯೊಂದು ಬಂತು. ಅಕ್ಕ ಓದಿ ಜಡ್ಜ್ ಆಗಿದ್ದಾಳೆ. ತಂಗಿ ಊರು ಬಿಟ್ಟು ಬಂದು, ಯಾರಿಗೂ ಸಂಬಂಧ ಹೇಳದೆ, ಅಕ್ಕನ ಮನೆಯಲ್ಲೇ ಅಡಿಗೆ ಮಾಡಿಕೊಂಡಿದ್ದಾಳೆ. ತಂಗಿಯ ದನಿ ದಾನಮ್ಮನದು. ಅಕ್ಕನಿಗೆ ದನಿ ಕೊಟ್ಟವಳು ಬೆಂಗಳೂರಿನ ಹುಡುಗಿ, ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಅವಳ ಮಾತನ್ನು ಕಿವಿಯಲ್ಲಿ ಕೇಳಿಕೊಂಡು ಉತ್ತರ ಹೇಳಬೇಕಾದ ದಿನ ದಾನಮ್ಮ ಮಧ್ಯದಲ್ಲೇ ನಿಂತಳು.

"ಸಾರ್, ಇವರಿಬ್ಬರೂ ಒಂದ ತಾಯಿ ಮಕ್ಕಳು. ಒಂದ ಮನ್ಯಾಗ ಬೆಳದವರು. ಒಬ್ಬಾಕಿ ಹಂಗ, ಒಬ್ಬಾಕಿ ಹಿಂಗ ಹೆಂಗ ಮಾತಾಡ್ತಾರ?"

ಮೈಕಿನಲ್ಲಿ ಚಿದಾನಂದ್ ನಕ್ಕ. "ಇದರಲ್ಲಿ ಯಾರು ಕೆಲಸದವಳು ಅಂತ ಆಡಿಯನ್ಸ್‌ಗೆ ತಕ್ಷಣ ಗೊತ್ತಾಗ್ಬೇಕಲ್ವಾ ಮೇಡಂ?"

ಅವನು ಕೆಟ್ಟ ಮನುಷ್ಯನಲ್ಲ. ಗೊತ್ತಿದ್ದುದನ್ನು ಇದ್ದ ಹಾಗೆ ಹೇಳಿದ್ದ, ಅಷ್ಟೆ. ಅದಕ್ಕೇ ಅದು ಅವಳಿಗೆ ನಾಟಿತು. ಕೆಲಸ ಮುಗಿದ ಮೇಲೆ, ಅಕ್ಕನ ಮಾತನ್ನು ಒಂದು ಸಲ ತಾನು ಹೇಳಿ ನೋಡಲೇ ಎಂದು ಕೇಳಿದಳು. ಅವನು ಒಪ್ಪಿದ.

ಕೋರ್ಟಿನ ದೃಶ್ಯ. ಮಗಳನ್ನು ಕಳೆದುಕೊಂಡ ತಾಯಿಗೆ ಜಡ್ಜ್ ತೀರ್ಪು ಓದುತ್ತಾಳೆ. ದಾನಮ್ಮ ಬಾಯಿ ತೆರೆದಾಗ ಮೊದಲು ಬಂದದ್ದು ಆ ಎಳೆದು ಹೇಳುವ ನಗೆಮಾತಿನ ಧಾಟಿ. ನಿಲ್ಲಿಸಿದಳು. ಊರಲ್ಲಿ ಸತ್ತವರ ಮನೆಗೆ ಹೋದಾಗ ಹಿರಿಯರು ಹೇಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು ಎಂದು ನೆನಪು ಮಾಡಿಕೊಂಡಳು. "ಹೋದ ಜೀವ ನಾ ತಂದುಕೊಡಾಕ ಆಗೂದಿಲ್ಲವ್ವಾ. ಆದ್ರ ತಪ್ಪು ಯಾರದು ಅನ್ನೂದನ್ನ ಈ ಕೋರ್ಟು ಹೇಳತೈತಿ." ನಿಧಾನವಾಗಿ, ಒಂದೊಂದೇ ಮಾತು ಬಂತು.

"ಚೆನ್ನಾಗಿದೆ," ಅಂದ ಚಿದಾನಂದ್. "ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಚಾನೆಲ್‌ನವರು ಒಪ್ಪಲ್ಲ ಮೇಡಂ. ಜಡ್ಜ್ ಅನ್ಸಲ್ಲ ಅಂತಾರೆ." ಅವಳೆದುರಿಗೇ ಅದನ್ನು ಅಳಿಸಿದ.

ಭಾನುವಾರ ಸಂಜೆ ಜಯನಗರದಲ್ಲಿ ಒಂದು ಗುಂಪು ಸೇರುತ್ತಿತ್ತು. ಸ್ಪಂದನಾ ಎಂಬ ಕಾಲೇಜು ಅಧ್ಯಾಪಕಿ ಸಿನಿಮಾ, ಸೀರಿಯಲ್, ಜಾಹೀರಾತುಗಳ ಹಿಂದಿನ ರಾಜಕೀಯದ ಬಗ್ಗೆ ಅಲ್ಲಿ ಚರ್ಚೆ ನಡೆಸುತ್ತಿದ್ದಳು. ದಾನಮ್ಮ ಹೋಗುತ್ತಿದ್ದುದು ಚರ್ಚೆಗಲ್ಲ. ಭಾನುವಾರ ಕ್ಲಿನಿಕ್ಕೂ ಇಲ್ಲ, ಸ್ಟುಡಿಯೋವೂ ಇಲ್ಲ, ಕೋಣೆಯ ನಾಲ್ಕು ಗೋಡೆ ಬಿಟ್ಟು ಎಲ್ಲಾದರೂ ಹೋಗಿ ಕೂರಬೇಕಿತ್ತು. ಹಿಂದಿನ ಸಾಲಲ್ಲಿ ಕೂತು, ಟೀ ಕುಡಿದು ಬರುತ್ತಿದ್ದಳು. ಆ ವಾರ ಮಾತ್ರ ಎದ್ದು ನಿಂತು ಅಕ್ಕತಂಗಿಯರ ಸಂಗತಿ ಹೇಳಿದಳು.

ಸ್ಪಂದನಾಳ ಮುಖ ಅರಳಿತು. "ಇದೇ ನೋಡಿ, ಯಾರ ಕನ್ನಡ ಅಧಿಕಾರದ ಕನ್ನಡ, ಯಾರದ್ದು ನಗೋಕೆ ಇರೋ ಕನ್ನಡ ಅನ್ನೋ ಪ್ರಶ್ನೆ. ಇವರು ಒಂದೇ ಮಾತಲ್ಲಿ ಹೇಳಿಬಿಟ್ರು."

ಯಾರೋ ದಾನಮ್ಮ ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಎರಡು ದಿನಗಳಲ್ಲಿ ಅದು ಎಲ್ಲರ ಫೋನಿಗೂ ಬಂತು. ಉತ್ತರ ಕರ್ನಾಟಕದವರನ್ನು ಬೆಂಗಳೂರು ಕೆಲಸದಾಳಾಗಿ ಕಾಣುತ್ತಿದೆ ಎಂದು ಒಂದು ಗುಂಪು. ಇಲ್ಲಿಗೆ ಬಂದು ದುಡಿದು ತಿಂದು ಇಲ್ಲಿಯವರನ್ನೇ ಬೈಯುತ್ತಾರೆ ಎಂದು ಇನ್ನೊಂದು ಗುಂಪು. ಒಂದು ರಾಜಕೀಯ ಪಕ್ಷದವರು ಅವಳ ಮುಖ ಹಾಕಿ, ಅವಳು ಆಡದ ಮಾತನ್ನು ಕೆಳಗೆ ಬರೆದು ಹಂಚಿದರು. ಕ್ಲಿನಿಕ್ಕಿಗೆ ಬಂದವರು ಗುರುತು ಹಿಡಿದು, "ನೀವೇ ಅಲ್ವಾ?" ಎಂದು ಕೇಳಿ, ಅವಳು ಏನು ಹೇಳುತ್ತಾಳೆಂದು ಕಾಯದೆ ತಮ್ಮ ಅಭಿಪ್ರಾಯ ಹೇಳಿ ಹೋಗುತ್ತಿದ್ದರು.

ಒಂದು ಸುದ್ದಿ ಚಾನೆಲ್ಲಿನವರು ಚರ್ಚೆಗೆ ಕರೆದರು. ದಾನಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ಪಕ್ಕದಲ್ಲಿದ್ದ ಇಬ್ಬರು ಒಬ್ಬರ ಮೇಲೊಬ್ಬರು ಕೂಗಾಡಿದರು. ಕೊನೆಗೆ ಆ್ಯಂಕರ್ ಅವಳ ಕಡೆ ತಿರುಗಿದ.

"ಸಾರ್, ನಾನು ಯಾರನ್ನೂ ಬೈದಿಲ್ಲ," ಎಂದು ಅವಳು ಶುರುಮಾಡಿದಳು. "ನಾನು ಕೇಳಿದ್ದು ಇಷ್ಟೇ..."

"ಮೇಡಂ, ನಿಮ್ಮ ಉತ್ತರ ಕರ್ನಾಟಕದ ಸ್ಟೈಲಲ್ಲೇ ಮಾತಾಡಿ. ಜನಕ್ಕೆ ಕನೆಕ್ಟ್ ಆಗುತ್ತೆ."

ಅಷ್ಟು ವರ್ಷ ಇಲ್ಲಿದ್ದು ಅವಳ ಮಾತು ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು ಆಗಿತ್ತು. ಆ ಅರೆಬರೆ ಮಾತೇ ಅವಳ ಸ್ವಂತದ್ದು. ಅವರು ಕೇಳುತ್ತಿದ್ದುದು ಮತ್ತೆ ಅದೇ ಕೆಲಸದವಳ ಕನ್ನಡ. ಅವಳು ಮಾತು ಹುಡುಕುವಷ್ಟರಲ್ಲಿ ಜಾಹೀರಾತು ಬಂತು.

ತಿಂಗಳಾದ ಮೇಲೆ ಚಿದಾನಂದ್ ಫೋನ್ ಮಾಡಿದ. ಚಾನೆಲ್‌ನವರು ಹೊಸ ನಿಯಮ ಮಾಡಿದ್ದರು. ಇನ್ನು ಯಾವ ಕೆಲಸದವಳೂ ಉತ್ತರ ಕರ್ನಾಟಕದ ಮಾತು ಆಡಬಾರದು.

"ಮತ್ತ ಜಡ್ಜ್ ಆಡಬಹುದೇನು?" ಎಂದಳು.

"ಯಾರೂ ಆಡೋ ಹಾಗಿಲ್ಲ ಮೇಡಂ. ಎಲ್ಲಾರ್ಗೂ ಪ್ಲೇನ್ ಕನ್ನಡ, ಅದಕ್ಕೆ ಬೇರೆ ಜನ ಇದ್ದಾರೆ. ರಿಸ್ಕೇ ಬೇಡ ಅಂದ್ರು." ತಡೆದು ಹೇಳಿದ, "ನಿಮ್ಗೆ ಏನಾದ್ರೂ ಕೆಲಸ ಇದ್ರೆ ನಾನೇ ಹೇಳ್ತೀನಿ."

ಆಮೇಲೆ ಅವನು ಫೋನ್ ಮಾಡಲಿಲ್ಲ. ಮುಂದಿನ ಭಾನುವಾರ ಅವಳು ಜಯನಗರಕ್ಕೆ ಹೋದಳು. ಸ್ಪಂದನಾ ಕೈಹಿಡಿದು, "ಗೆದ್ವಲ್ಲಾ ದಾನಮ್ಮ ಅವರೇ, ನಾನೊಂದು ಲೇಖನ ಬರೆದಿದ್ದೀನಿ," ಅಂದಳು. ಕೆಲಸ ಹೋದದ್ದನ್ನು ಹೇಳಬೇಕೆಂದು ದಾನಮ್ಮ ಕಾದಳು. ಆದರೆ ಅವತ್ತಿನ ಮಾತು ಬೇರೆ ಸಿನಿಮಾದ ಮೇಲಿತ್ತು, ಎಲ್ಲರೂ ಅದರಲ್ಲಿ ಮುಳುಗಿದ್ದರು. ಟೀ ಬರುವ ಮೊದಲೇ ಎದ್ದು ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಊರಿಂದ ಅವ್ವ ಲಕ್ಕವ್ವನ ಫೋನ್ ಬಂತು. "ಯಾಕವ್ವಾ, ಟೀವ್ಯಾಗ ನಿನ್ನ ಧ್ವನಿ ಕೇಳವಲ್ದು?"

"ನಮ್ಮ ಮಾತು ಹಾಕೂದು ಬಿಟ್ಟಾರಬೇ. ಜನ ನಗತಿದ್ರಲ್ಲ, ಅದಕ್ಕ."

"ಚಲೋ ಆತು ಬಿಡು," ಎಂದಳು ಲಕ್ಕವ್ವ. ಆಮೇಲೆ ಅವಳೇ, "ಆದ್ರ ದಿನಾ ಸಂಜಿಕ ನೀ ಮನಿಗೆ ಬಂದು ಹ್ವಾದಂಗ ಆಗತಿತ್ತು," ಎಂದಳು.

ಊಟ ಆಯಿತೇ ಎಂದು ದಾನಮ್ಮ ಕೇಳಿದಳು. ಆಯಿತು ಎಂದಳು ಅವ್ವ. ಆಮೇಲೂ ಇಬ್ಬರೂ ಫೋನ್ ಇಡದೆ ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.